ಶುಭದಿನ ನೋಡಿ ಓದಿದ ಮೀಟರ್

ದೇವರು ನನ್ನನ್ನು ತಿದ್ದಬೇಕೆಂದಾಗಲೆಲ್ಲ ನಾಲ್ಕು ಜನರ ಮುಂದೆಯೇ ತಿದ್ದುತ್ತಾನೆ. ಒಬ್ಬನೇ ಇದ್ದಾಗ ಒಮ್ಮೆಯೂ ಇಲ್ಲ.

ನನ್ನ ಕೆಲಸ ರಾಮನಗರದ ಒಂದು ಕಚೇರಿಯಲ್ಲಿ. ಅಲ್ಲೊಂದು ಸಾಫ್ಟ್‌ವೇರ್ ಇದೆ. ಉಪಗ್ರಹದ ಚಿತ್ರ, ಮಳೆ, ಕರೆಂಟು, ಜನಗಣತಿ ಅಂತ ಇಡೀ ಜಿಲ್ಲೆಯ ಲೆಕ್ಕವನ್ನು ನುಂಗಿ, ಯಾವ ಊರು ದಿನಕ್ಕೆಷ್ಟು ನೀರು ಬಳಸುತ್ತದೆಂದು ಅಂದಾಜು ಹೇಳುತ್ತದೆ. ಒಂದಷ್ಟು ಊರುಗಳಿಗೆ ಹೋಗಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೀಟರ್ ಓದಿ, ಅದರ ಅಂದಾಜನ್ನು ತಿದ್ದಿಕೊಡುವವನು ನಾನು. ಟ್ಯಾಂಕರ್ ಯಾವ ಊರಿಗೆ ಹೋಗಬೇಕೆಂಬ ತೀರ್ಮಾನವೆಲ್ಲ ಆ ಅಂದಾಜಿನ ಮೇಲೆಯೇ.

೧. ಚನ್ನಪಟ್ಟಣದ ಕಾರ್ಖಾನೆಗಳು

ಚನ್ನಪಟ್ಟಣದ ಒಂದು ಬೀದಿ ವಿಪರೀತ ನೀರು ಕುಡಿಯುತ್ತಿದೆ ಎಂದಿತು ಸಾಫ್ಟ್‌ವೇರ್. ಮನೆಮನೆಗೂ ಮೋಟಾರಿನ ಕರೆಂಟು, ಆದ್ದರಿಂದ ಎಲ್ಲವೂ ಕಾರ್ಖಾನೆ ಎಂಬುದು ಅದರ ತರ್ಕ. ನಾನೂ ನಂಬಿ, ನೀರನ್ನು ಮಿತವಾಗಿ ಬಳಸಿ ಎಂದು ಬುದ್ಧಿ ಹೇಳಲು ಹೋದೆ. ಆ ಮೋಟಾರಿನಲ್ಲೇ ಮರದ ಬೊಂಬೆ ಕಡೆಯುತ್ತಿದ್ದ ಯಜಮಾನರು ಸಮಾಧಾನವಾಗಿ ಕೇಳಿಸಿಕೊಂಡರು.

"ಸ್ವಾಮಿ, ಮರ ಹಸಿಯಾದ್ರೆ ಬೊಂಬೆ ಸೀಳ್ತದೆ. ಬೆವರು ಬಿದ್ದಾತು ಅಂತ ಹಣೆ ಒರೆಸ್ಕೊಂಡು ಕೆಲಸ ಮಾಡೋರು ನಾವು. ನೀವೂ ಒಸಿ ಒರೆಸ್ಕಳಿ, ತೊಟ್ಟಿಕ್ತಾ ಐತೆ."

೨. ಮಾಗಡಿಯ ಊಟ

ಪಂಚಾಂಗ ನೋಡದೆ ನಾನು ಹೊಸ್ತಿಲು ದಾಟುವವನಲ್ಲ. ಮೀಟರ್ ಓದುವುದೂ ದೇವರ ಕೆಲಸವೇ ಎಂದು ಒಳ್ಳೆಯ ದಿನ, ಒಳ್ಳೆಯ ಮುಹೂರ್ತ ನೋಡಿಯೇ ಹೊರಡುತ್ತಿದ್ದೆ. ಮಾಗಡಿ ಕಡೆಗೆ ಹೋದಾಗಲೆಲ್ಲ ಯಾರ ಮನೆಯಲ್ಲಾದರೂ ಮದುವೆಯೋ ಗೃಹಪ್ರವೇಶವೋ ಇರುತ್ತಿತ್ತು. ಕರೆದು ಎಲೆಯ ಮುಂದೆ ಕೂರಿಸುತ್ತಿದ್ದರು. ಎಲ್ಲ ಅವನ ಕೃಪೆ ಎಂದು ಕೈಮುಗಿದು ಉಣ್ಣುತ್ತಿದ್ದೆ.

ಜೀಪಿನ ಡ್ರೈವರ್ ಒಂದು ದಿನ ಕೇಳಿಯೇಬಿಟ್ಟ: "ಸಾರ್, ನಾವು ಮೀಟರ್ ಓದಕ್ಕೆ ಬತ್ತೀವೋ, ಮುಯ್ಯಿ ಹಾಕಕ್ಕೋ? ಮನೇಲಿ ನನ್ನ ಹೆಂಡ್ತಿ ನನ್ ಪಾಲಿನ ಅನ್ನ ಇಡೋದೇ ಬುಟ್ಟವ್ಳೆ."

ನಕ್ಕು ಜೀಪು ಹತ್ತಿದೆ. ಯೋಚಿಸಬೇಕಾಗಿದ್ದದ್ದು ಆಗಲೇ.

೩. ಅಜ್ಜಿಯ ಆಹ್ವಾನ

ಕನಕಪುರ ತಾಲ್ಲೂಕಿನಲ್ಲಿ, ಕಬ್ಬಾಳಿನಿಂದ ಆಚೆಗೆ ಒಂದು ದೊಡ್ಡಿ. ಬೆರಳೆಣಿಕೆಯ ಮನೆಗಳ ಪುಟ್ಟ ಊರು. ಇಲ್ಲಿನವರು ನೀರನ್ನು ಧಾರಾಳವಾಗಿ ಬಳಸುತ್ತಿದ್ದಾರೆಂದು ಸಾಫ್ಟ್‌ವೇರ್ ಹೇಳಿದ್ದರಿಂದ ಟ್ಯಾಂಕರ್ ನಿಂತುಹೋಗಿತ್ತು. ಬತ್ತುತ್ತಿರುವ ಬೋರ್‌ವೆಲ್‌ನಿಂದ ತೊಂಬೆಗೆ, ಅಂದರೆ ಊರಿನ ಪುಟ್ಟ ಸಿಮೆಂಟು ಟ್ಯಾಂಕಿಗೆ, ಒಸರುವ ನೀರೇ ಗತಿ. ವಿಚಾರಿಸಲು ಹೋದಾಗ ತೊಂಬೆಯ ಮೀಟರ್ ಕೂರಿಸಿದ ನಲ್ಲಿಯ ಹತ್ತಿರ ಖಾಲಿ ಕೊಡಗಳು ಸಾಲಾಗಿ ಕೂತಿದ್ದವು. ಅಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ಗುರುತು ಹಿಡಿದರು.

"ನೀ ಬಂದಾಗೆಲ್ಲ ನಮ್ಮ ದೊಡ್ಡೀಲಿ ಮದುವೆ ಕಣಪ್ಪ. ಮದುವೆ ಮನೆಯೋರು ಎಲ್ಲಿಂದಲೋ ನೀರು ತರ್ಸಿ ತೊಂಬೆಗೆ ತುಂಬಿಸ್ತಾರೆ, ಬಂದ ನೆಂಟ್ರೆಲ್ಲ ಉಂಡು ಕೈ ತೊಳೀತಾರೆ. ಅದ್ನೇ ಬರ್ಕೊಂಡು ಹೋಗ್ಬುಟ್ಯಲ್ಲ? ಒಂದ್ಸಲ ಆಷಾಢದಾಗೆ ಬಾ, ನಮ್ಮ ಪಾಡು ಕಾಣ್ತದೆ."

ತಲೆ ತಗ್ಗಿಸಿದೆ. ನಾನು ಆರಿಸಿದ ಶುಭದಿನಗಳ ಲೆಕ್ಕವನ್ನೇ ತಿಂದು ತಿಂದು, ಈ ಜಿಲ್ಲೆಯಲ್ಲಿ ವರ್ಷವಿಡೀ ದಿನಾ ಮದುವೆ ನಡೆಯುತ್ತದೆಂದು ಆ ಸಾಫ್ಟ್‌ವೇರ್ ನಂಬಿಬಿಟ್ಟಿತ್ತು.

೪. ಆಷಾಢದ ಶನಿವಾರ

ಕಬ್ಬಾಳಮ್ಮನ ಮುಂದೆ ತಪ್ಪೊಪ್ಪಿಕೊಂಡು, ಆಷಾಢದ ಶನಿವಾರ, ಬೇಕೆಂದೇ ರಾಹುಕಾಲದಲ್ಲಿ ಹೋಗಿ ದೊಡ್ಡಿಯ ಮೀಟರ್ ಓದಿದೆ. ಸಂಜೆ ಮತ್ತೆ ಓದಿದರೆ ಒಂದು ಹನಿಯೂ ಖರ್ಚಾಗಿಲ್ಲ. ನಾನು ಬರುತ್ತೇನೆಂದು ತಿಳಿದು, ಹೇಗಾದರೂ ಟ್ಯಾಂಕರ್ ಬರಲಿ ಎಂದು, ಎಲ್ಲರೂ ಹಿಂದಿನ ದಿನವೇ ಕೊಡ ತುಂಬಿಟ್ಟುಕೊಂಡು ಇಡೀ ದಿನ ನಲ್ಲಿ ಮುಟ್ಟಿರಲಿಲ್ಲ.

ಸೊನ್ನೆಯನ್ನೇ ಮೊಬೈಲಿನಲ್ಲಿ ತುಂಬಿದೆ. ಸಾಫ್ಟ್‌ವೇರ್ ತಕ್ಷಣ ಉತ್ತರಿಸಿತು: "ಜನವಸತಿ ಇಲ್ಲ. ಟ್ಯಾಂಕರ್ ಅಗತ್ಯವಿಲ್ಲ."

ಸುತ್ತ ಸೇರಿದ್ದ ಊರವರಿಗೆ ಓದಿ ಹೇಳಿದೆ. ಅಜ್ಜಿ ನನ್ನನ್ನೇ ನೋಡಿದರು. "ಜನ ಇಲ್ವಾ? ಹಂಗಾರೆ ನಿನ್ನತ್ರ ಮಾತಾಡ್ತಿರೋಳು ದೆವ್ವವಾ?"

ನನ್ನ ಕೈ ತಾನಾಗಿಯೇ ಹಣೆಯ ವಿಭೂತಿ ಮುಟ್ಟಿತು. ಅದನ್ನೂ ಅವರು ನೋಡಿದರು.

ಇನ್ನು ಮುಚ್ಚಿಡುವುದೇನು? ಎಲ್ಲರೆದುರೇ ನಮ್ಮ ಕಚೇರಿಯ ಸಾಹೇಬರಿಗೆ ಫೋನ್ ಮಾಡಿ, ಪಂಚಾಂಗದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಅವರು, "ನಾಳೆಯಿಂದ ಟ್ಯಾಂಕರ್ ಕಳಿಸ್ತೀನಿ. ನೀವು ಮಾತ್ರ ಆಷಾಢ ಮುಗಿಯೋವರೆಗೂ ದಿನಾ ಫೀಲ್ಡಿಗೆ ಹೋಗ್ರಿ," ಎಂದರು.

ನಾಚಿಕೆಯಿಂದ ಬಾಯಿ ಒಣಗಿಹೋಗಿತ್ತು. ಅಜ್ಜಿ ನಲ್ಲಿ ತಿರುಗಿಸಿ, ಚೊಂಬು ತುಂಬಿ, ನನ್ನ ಕೈಗಿಟ್ಟರು. ಮೀಟರಿನ ಮುಳ್ಳು ಮೆಲ್ಲಗೆ ಅಲುಗಿತು.

"ಕುಡಿಯಪ್ಪ," ಎಂದರು. "ಕುಡ್ದು ಬರ್ಕೊ, ದೊಡ್ಡೀಲಿ ಒಬ್ಬ ಅವ್ನೆ ಅಂತ."