ದೋಣಿಗೊಂದು ಹತ್ತಿಯ ಗಾದಿ

ಗಾದಿ ಅಂಗಡಿಯಲ್ಲಿ ಕೂತವರನ್ನು ವಿಚಿತ್ರ ಗಿರಾಕಿಗಳು ಹುಡುಕಿಕೊಂಡೇ ಬರುತ್ತಾರೆ, ವರ್ಷಕ್ಕೆ ಒಬ್ಬರಾದರೂ ತಪ್ಪುವುದಿಲ್ಲ. ಬೆಳಗಾವಿಯ ಅನಗೋಳದ ನಮ್ಮ ಅಂಗಡಿಗೆ ಒಬ್ಬರು ಹಳೆಯ ಗಾದಿ ಹೊತ್ತು ತಂದು, "ಇದರ ಮ್ಯಾಲೆ ಮಲಗಿದ್ರ ಕೆಟ್ಟ ಕನಸು ಬೀಳ್ತಾವು, ಹತ್ತಿ ಬದಲಿ ಮಾಡ್ರಿ" ಎಂದಿದ್ದರು. ಬದಲಿ ಮಾಡಿಕೊಟ್ಟೆ. ಈಗ ಕನಸಿನಲ್ಲಿ ಬರೀ ಊಟ ಬರುತ್ತದಂತೆ. ಆದರೆ ಹೋದ ವರ್ಷ ಬಂದ ಖಾನಾಪುರದ ಮಾಸ್ತರರ ಮುಂದೆ ಅವರೆಲ್ಲ ಏನೂ ಅಲ್ಲ.

ಮೊದಲು ನನ್ನದೊಂದು ಮಾತು. ನಮ್ಮದು ಹತ್ತಿ ಹಿಂಜುವ ಮನೆತನ. ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ಗಿರಾಕಿಗಳಿಗೆಲ್ಲ ನಾನು ಆಪಾ, ಅಂದರೆ ಅಕ್ಕ. ಬಾಗಿಲ ಮೇಲಿನ ಬೋರ್ಡು ಅವರು ಕೈಯಾರೆ ಬರೆದದ್ದು: "ಇಲ್ಲಿ ಹತ್ತಿಯ ಗಾದಿ ಹೊಲಿದು ಕೊಡಲಾಗುವುದು." ಮೈದುನ ಮಾತ್ರ ಎದುರು ಸಾಲಿನಲ್ಲಿ ಸ್ಪಂಜಿನ ಗಾದಿ ಅಂಗಡಿ ತೆಗೆದ. ದಿನಾ ಬೆಳಿಗ್ಗೆ ಚಹಾಕ್ಕೆ ಮಾತ್ರ ನನ್ನಲ್ಲಿಗೇ ಬರುತ್ತಾನೆ. ಕುಡಿದು ಕಪ್ಪು ಕೆಳಗಿಟ್ಟು, "ಭಾಬಿ, ಹತ್ತಿ ಕಾಲ ಮುಗೀತು. ಬೋರ್ಡು ಇಳಸ್ರಿ" ಎನ್ನುತ್ತಾನೆ. ನನ್ನ ಚಹಾ ಕುಡಿದು ನನಗೇ ಹೇಳುತ್ತಾನೆ. ನಾನು ಇಳಿಸಲಿಲ್ಲ.

೧. ಮಾಸ್ತರರ ನಕಾಶೆ

ಮಾಸ್ತರು ಸಾಲಿಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಒಂದು ಹಾಳೆ ಬಿಚ್ಚಿ ನನ್ನ ಮುಂದೆ ಹರಡಿದರು. ಚೆಂದದ ಚಿತ್ರ. ಆದರೆ ಗಾದಿಯ ಒಂದು ಕಡೆ ಆರು ಫೂಟು ಅಗಲ, ಇನ್ನೊಂದು ಕಡೆ ಒಂದು ಗೇಣು. ನೋಡಿದರೆ ಇಸ್ತ್ರಿ ಪೆಟ್ಟಿಗೆ.

"ಇದರಾಗ ಯಾರ್ ಮಲಗ್ತಾರ್ರೀ ಸರ?"

"ನಾವಿಬ್ಬರೂ ಗಂಡ ಹೆಂಡತಿ. ದೋಣಿ ಮೂತಿ ಚೂಪಾಗಿರ್ತೈತಿ ನೋಡ್ರಿ ಆಪಾ. ತಲಿ ದೂರ ದೂರ, ಕಾಲು ನಾಲ್ಕೂ ಒಂದ ಕಡೆ ಬರ್ತಾವು."

ಗೋವಾದಲ್ಲಿ ಮೂತಿಯೊಳಗೆ ಮಲಗುವ ಕೋಣೆಯಿದ್ದ ಹಳೆಯದೊಂದು ಸಣ್ಣ ದೋಣಿ ಕೊಂಡು, ರಿಪೇರಿಗೆಂದು ಘಟ್ಟ ಹತ್ತಿಸಿ ತಂದು ಮನೆಯಂಗಳದಲ್ಲಿ ನಿಲ್ಲಿಸಿಕೊಂಡಿದ್ದರಂತೆ. ಇನ್ನು ಹೆಂಡತಿಯನ್ನು ಕೂರಿಸಿಕೊಂಡು ಕಡಲ ದಂಡೆಯ ಊರೂರು ತಿರುಗುವುದೊಂದೇ ಬಾಕಿ. ಆ ಹೆಂಡತಿ, ನಮ್ಮ ಬಾಯಾರು, ಹಾಕಿದ್ದು ಒಂದೇ ಷರತ್ತು: ದೋಣಿಯಲ್ಲಿ ನಿದ್ದೆ ಬಂದರೆ ಬರುತ್ತೇನೆ, ಬರದಿದ್ದರೆ ನೀವೊಬ್ಬರೇ ಹೋಗಿ. ಈಗಿನ ಹಲಗೆಯ ಮೇಲೆ ಒಮ್ಮೆ ಮಲಗಿ ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದ್ದರಂತೆ.

ಅಷ್ಟರಲ್ಲಿ ಚಹಾ ಕುಡಿಯುತ್ತ ಕೂತಿದ್ದ ಮೈದುನ ಬಾಯಿ ಹಾಕಿದ. "ಸರ, ಇದು ಹತ್ತಿ ಕೆಲಸ ಅಲ್ಲ. ನಮ್ಮಲ್ಲಿ ಸ್ಪಂಜು ಕೊಯ್ದು ಕೊಡ್ತೀವಿ ಬರ್ರಿ."

ನನ್ನ ಅಂಗಡಿಯಲ್ಲಿ, ನನ್ನ ಕಪ್ಪು ಕೈಯಲ್ಲಿ ಹಿಡಿದು ಆಡಿದ ಮಾತು. ಮೈಯೆಲ್ಲ ಉರಿಯಿತು. "ಬಾಯಾರಿಗೆ ನನ್ನ ಗಾದಿ ಮ್ಯಾಲೆ ನಿದ್ದಿ ಬರಲಿಲ್ಲಂದ್ರ ನಾ ಬೋರ್ಡು ಇಳಸ್ತೀನಿ" ಎಂದುಬಿಟ್ಟೆ. ಹೇಳಿದ ಮೇಲೆ ಬೋರ್ಡಿನ ಕಡೆ ನೋಡಿದೆ. ಆದರೆ ಮಾತು ವಾಪಸು ತೆಗೆದುಕೊಳ್ಳುವ ಚಾಳಿ ನನಗಿಲ್ಲ.

ಮೈದುನನಿಗೆ ಖುಷಿಯೋ ಖುಷಿ. "ಏಣಿ ನಂದ ಒಯ್ಯಿರಿ ಭಾಬಿ, ಬಾಡಗಿ ಬ್ಯಾಡ" ಎಂದ.

೨. ಅಂಗಳದಲ್ಲಿ ಅಳತೆ

ಖಾನಾಪುರಕ್ಕೆ ಬಸ್ಸಿನಲ್ಲಿ ಹೋದೆ. ಮನೆ ಹುಡುಕುವ ಕಷ್ಟವೇ ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಕೇಳಿದರೆ ಸಾಕು, "ದೋಣಿ ಮನಿಯೇನ್ರೀ?" ಎಂದು ಊರೇ ದಾರಿ ತೋರಿಸುತ್ತದೆ.

ನಮ್ಮ ಮಾವನವರ ಕಾಲದಿಂದ ಬಂದ ಪದ್ಧತಿ ಒಂದಿದೆ. ಟೇಪಿನಿಂದ ಹಾಸಿಗೆ ಅಳೆಯಬಹುದು, ಮನುಷ್ಯರನ್ನು ಅಳೆಯಲಾಗದು. ಗಿರಾಕಿಯನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ. ಸೊಂಟ ಎಲ್ಲಿ ಊರುತ್ತದೆ, ಭುಜ ಎಲ್ಲಿ ಒತ್ತುತ್ತದೆ ಎಂದು ಗೊತ್ತಾಗುತ್ತದೆ. ಅಲ್ಲಿ ಹತ್ತಿ ಹೆಚ್ಚು ಕಡಿಮೆ ಮಾಡುತ್ತೇವೆ.

ಬಾಯಾರು ದೋಣಿ ಹತ್ತಲು ಒಪ್ಪಲಿಲ್ಲ. ಹಾಗಾಗಿ ಅಂಗಳದಲ್ಲೇ ಬಟ್ಟೆ ಹಾಸಿದೆ. ಅವರು ಕೈಯನ್ನು ಎದೆಯ ಮೇಲಿಟ್ಟು, ಬಿಸಿಲಿಗೆ ಕಣ್ಣು ಮುಚ್ಚಿ, ಅಲ್ಲಾಡದೆ ಮಲಗಿದರು. ಮಾಸ್ತರು ಕಾಲ ಹತ್ತಿರ ಕೈ ಕಟ್ಟಿ ತಲೆ ತಗ್ಗಿಸಿ ನಿಂತು ಗೆರೆ ನೋಡುತ್ತಿದ್ದರು. ನಾನು ಮೊಣಕಾಲೂರಿ ಸುತ್ತ ಸುತ್ತುತ್ತಿದ್ದೆ.

ಬಾಜೂ ಮನೆಯ ಹೆಣ್ಣುಮಗಳು ಕಾಂಪೌಂಡಿನಿಂದ ಇಣುಕಿದಳು. ಕೊಡ ಅಲ್ಲೇ ಬಿಟ್ಟು, ಬೆಳಿಗ್ಗೆ ಚೆನ್ನಾಗೇ ಇದ್ದಳಲ್ಲ ಎಂದು ಮರಾಠಿಯಲ್ಲಿ ಅಳುತ್ತ ಓಡಿಬಂದಳು. ಹಿಂದೆ ಇನ್ನೂ ನಾಲ್ಕು ಜನ. ಒಬ್ಬರು ಆಗಲೇ ಮಾಸ್ತರರ ಭುಜದ ಮೇಲೆ ಕೈಯಿಟ್ಟು, "ಧೈರ್ಯಾ ತಗೋರಿ ಸರ, ಮಂದಿಗೆ ತಿಳಸೂದು ನಾವು ನೋಡ್ಕೋತೀವಿ" ಎಂದರು.

ಬಾಯಾರು ಒಂದು ಕಣ್ಣು ಮಾತ್ರ ತೆರೆದರು. "ಇನ್ನೂ ಇಲ್ರೀ" ಎಂದರು. "ಸದ್ಯ ಅಳತಿ ನಡದೈತಿ."

೩. ಹಲಸಿಯ ಅಜ್ಜ

ಮೈದುನ ಸುಮ್ಮನಿರುವವನಲ್ಲ. "ಭಾಬಿ, ಹಲಗಿ ಮ್ಯಾಲೆ ಹತ್ತಿ ಹಾಕಿದ್ರ ಸಮುದ್ರದ ಹವಾಕ್ಕ ತಳದಾಗ ನೀರು ಕೂಡತೈತಿ. ತಿಂಗಳದಾಗ ಬೂಸಲು ಹಿಡೀತೈತಿ" ಎಂದ.

ಅವನ ಮಾತು ಖರೆ ಇತ್ತು. ಖರೆ ಇದ್ದದ್ದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಹೊಳೆಯಿತು: ನಮ್ಮ ಹಿರಿಯರು ಹಲಗೆಯ ಮೇಲೆ ಎಲ್ಲಿ ಮಲಗುತ್ತಿದ್ದರು? ಹೊರಸಿನ ಮೇಲೆ ಮಲಗುತ್ತಿದ್ದರು. ಹಗ್ಗದ ಹೆಣಿಕೆ, ಕೆಳಗಿನಿಂದ ಗಾಳಿ. ದೋಣಿಯೊಳಗಿನ ಹಲಗೆ ಕೀಳಿಸಿ ಅದೇ ಚೌಕಟ್ಟಿಗೆ ಹೊರಸು ಹೆಣೆಸಿದರೆ ಗಾಳಿಯೂ ಆಡುತ್ತದೆ, ಮೆತ್ತಗೂ ಆಗುತ್ತದೆ.

ಹೊರಸು ಹೆಣೆಯುವವರು ಈಗ ಎಲ್ಲಿದ್ದಾರೆ? ಹುಡುಕಿ ಹುಡುಕಿ ಹಲಸಿಯಲ್ಲಿ ಒಬ್ಬ ಅಜ್ಜ ಸಿಕ್ಕ. ಕರೆತಂದು ದೋಣಿಯೊಳಗೆ ಇಳಿಸಿದೆವು. ಸುತ್ತ ನೋಡಿ, "ಮೂರ ಮೂಲಿ ಹೊರಸು ನಮ್ಮಪ್ಪನೂ ಹೆಣದಿಲ್ಲ" ಎಂದ. ಆದರೂ ಹೆಣೆದ. ಮುಗಿಸಿ ತಾನೇ ಒಮ್ಮೆ ಮಲಗಿ, ಹೊರಳಿ ನೋಡಿದ. ಮಾಸ್ತರು ಅನುಮಾನದಿಂದ, "ಅಜ್ಜಾ, ಅಲ್ಲಾಡೂದಿಲ್ಲ ಹೌದಲ್ಲೋ?" ಎಂದು ಕೇಳಿದರು.

"ಜನ್ಮಾ ಪೂರಾ ಹೊರಸು ಅಲ್ಲಾಡತೈತಿ ಅಂತ ಬೈಸ್ಕೊಂಡೀನ್ರಿ" ಎಂದ ಅಜ್ಜ, ಅಂಗಿ ಝಾಡಿಸುತ್ತ. "ಈ ಸಲ ಅಲ್ಲಾಡಿದ್ರ ನನಗ ಬೈಬ್ಯಾಡ್ರಿ, ನೀರಿಗೆ ಬೈರಿ."

೪. ಒಂದೇ ಗಾದಿ

ಇಲ್ಲಿ ತಪ್ಪು ನನ್ನದೇ. ಗಂಡ ಹೆಂಡತಿಯ ಗಾದಿಯನ್ನು ನಮ್ಮ ಮನೆತನದಲ್ಲಿ ನಡುವೆ ಕೊಯ್ಯುವುದಿಲ್ಲ. ಅಪಶಕುನ. ಆದ್ದರಿಂದ ಆ ಇಸ್ತ್ರಿ ಪೆಟ್ಟಿಗೆಯನ್ನು ಇಡಿಯಾಗಿ ಒಂದೇ ಗಾದಿ ಹೊಲಿದೆ. ಟೆಂಪೋದಲ್ಲಿ ಹೇರಿಕೊಂಡು ಖಾನಾಪುರಕ್ಕೆ ಒಯ್ದೆ. ದೋಣಿಯ ಬಾಗಿಲಿಗೆ ಹಿಡಿದರೆ, ಬಾಗಿಲು ನನ್ನ ಅಡಿಗೆಮನೆಯ ಕಿಟಕಿಯಷ್ಟಿದೆ. ಮಡಚಿ ನೋಡಿದೆವು, ಸುತ್ತಿ ನೋಡಿದೆವು. ಗಾದಿ ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು. ಒಳಗಿದ್ದ ಮಾಸ್ತರು ಹೊರಗೆ ಬರುವಂತಿಲ್ಲ, ಹೊರಗಿದ್ದ ನಾವು ಒಳಗೆ ಹೋಗುವಂತಿಲ್ಲ. ಮಾಸ್ತರರಿಗೆ ಸಣ್ಣ ಕಿಟಕಿಯಿಂದ ಚಹಾ ಕೊಟ್ಟೆವು.

ಗಾದಿಯನ್ನು ಜಗ್ಗಿ ತೆಗೆದ ಮೇಲೆ ಅವರು, "ಸುಮ್ನ ನಡುವ ಕೊಯ್ದು ಎರಡು ಮಾಡೂಣಲ್ಲ" ಎಂದರು.

"ಆಗೂದಿಲ್ಲ" ಎಂದೆ. "ಬೇಕಾದ್ರ ನಿಮ್ಮ ದೋಣಿ ಕೊಯ್ರಿ."

ಅಂಗಳದಲ್ಲೇ ಕೂತು ಒಂದು ಕಡೆಯ ಹೊಲಿಗೆ ಬಿಚ್ಚಿದೆ. ಹತ್ತಿಯನ್ನೆಲ್ಲ ಹೊರಗೆ ತೆಗೆದೆ. ಗಾದಿಯ ಖಾಲಿ ಬಟ್ಟೆ ಚೀಲವನ್ನು ಒಳಗೆ ಹಾಸಿ, ಹತ್ತಿಯನ್ನು ಬುಟ್ಟಿ ಬುಟ್ಟಿ ಒಳಗೆ ಸಾಗಿಸಿ, ಅಲ್ಲೇ ಕೂತು ತುಂಬಿ, ಅಲ್ಲೇ ಹೊಲಿದೆ. ಸೊಂಟದ ಜಾಗಕ್ಕೆ ಎರಡು ಹಿಡಿ ಹೆಚ್ಚು, ಭುಜದ ಜಾಗಕ್ಕೆ ಒಂದು ಹಿಡಿ ಕಡಿಮೆ. ಸಂಜೆ ಹೊರಗೆ ಬಂದಾಗ ನನ್ನ ಹುಬ್ಬು ಸಹ ಬೆಳ್ಳಗಾಗಿತ್ತು.

ಮಾಸ್ತರರಿಗೆ ಆಗ ಹೊಸ ಚಿಂತೆ ಹತ್ತಿತು. "ಆಪಾ, ಹತ್ತಿ ಗಾದಿ ಆಗಾಗ ಬಿಸಲಿಗೆ ಹಾಕಬೇಕಂತಾರ. ಇದು ಇನ್ನ ಹೊರಗ ಬರೂದ ಇಲ್ಲಲ್ಲ?"

"ಬರೂದಿಲ್ಲರಿ" ಎಂದೆ. "ಬಾಗಲಾ ತಗದಿಟ್ಟು ದೋಣೀನ ಬಿಸಲಿಗೆ ಹಾಕ್ರಿ."

೫. ಅಕ್ಕನ ಮನೆ

ದೋಣಿ ಹೊರಡುವ ದಿನ ನಾನೂ ಹೋದೆ. ಕ್ರೇನು, ಲಾರಿ ಎಲ್ಲ ಬಂದು ನಿಂತಿದ್ದವು. ಮಧ್ಯಾಹ್ನದ ಊಟಕ್ಕೆ ಕೂತಾಗ ಮಾಸ್ತರು ಹೆಂಡತಿಗೆ, "ಗಾದಿ ಮ್ಯಾಲೆ ಒಮ್ಮೆ ಮಲಗಿ ನೋಡು" ಎಂದರು. ಎಲ್ಲರೂ ಅವರನ್ನೇ ನೋಡಿದೆವು. ಬಾಯಾರಿಗೆ ರೇಗಿತು. "ಹಿಂಗ ಹತ್ತು ಮಂದಿ ನೋಡಕೋತ ನಿಂತ್ರ ಯಾರಿಗೆ ನಿದ್ದಿ ಬರ್ತೈತಿ? ನೀವು ದೋಣಿ ತಗೊಂಡು ಹೋಗ್ರಿ, ನಾ ನಮ್ಮಕ್ಕನ ಮನಿಗೆ ಹೋಗ್ತೀನಿ" ಎಂದು ಬ್ಯಾಗು ತಗೊಂಡು ಹೊರಟೇ ಹೋದರು. ಫೋನು ಅಡಿಗೆಮನೆಯಲ್ಲೇ ಉಳಿಯಿತು.

ಮಾಸ್ತರು ಅಕ್ಕನ ಮನೆಗೆ ಕರೆಯಲು ಹೋಗಲಿಲ್ಲ. "ನನಗೂ ಮರ್ಯಾದಿ ಐತಿ" ಎಂದರು. ಕ್ರೇನು ದೋಣಿಯನ್ನು ಎತ್ತಿ ಲಾರಿಯ ಮೇಲಿಟ್ಟಿತು. ಡ್ರೈವರನ ಪಕ್ಕ ನಾನು, ನನ್ನ ಪಕ್ಕ ಮಾಸ್ತರು. ಕೂರಲು ಮನಸ್ಸಿರಲಿಲ್ಲ, ಆದರೆ ನನ್ನ ಗಾದಿ ನೀರಿಗೆ ಇಳಿಯುವುದನ್ನು ನೋಡದೆ ಬಿಡುವ ಮನಸ್ಸೂ ಇರಲಿಲ್ಲ. ಜಾಂಬೋಟಿಯ ದಾರಿ ಹಿಡಿದೆವು. ತಗ್ಗು ದಿನ್ನೆಗೆ ಲಾರಿ ಎತ್ತಿ ಎತ್ತಿ ಒಗೆಯುತ್ತಿತ್ತು. ಮಾಸ್ತರು ಒಮ್ಮೆ ಮಾತ್ರ, "ಆಕಿ ಇಲ್ಲದ ದೋಣಿ ತಗೊಂಡು ಏನ್ ಮಾಡ್ಲಿ ಆಪಾ" ಎಂದು ಕಣ್ಣೊರೆಸಿಕೊಂಡರು.

ನನಗೂ ಅಳು ಬಂತು. ಆದರೆ ಸೋತೆ ಎಂದು ಮೈದುನ ಹೇಳುವ ಮೊದಲು ನಾನೇ ಹೇಳಬೇಕು. ಫೋನು ಹಚ್ಚಿ, "ಏಣಿ ಹಾಕೋ. ಬೋರ್ಡು ಇಳಸು. ಅಕ್ಷರಕ್ಕ ಗೀರು ಬೀಳಬಾರದು ನೋಡು" ಎಂದೆ.

ಕಣಕುಂಬಿ ದಾಟಿ ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ದೋಣ್ಯಾಗ ಏನೈತಿ?"

"ಏನೂ ಇಲ್ರೀ, ಎಲ್ಲಾ ಖಾಲಿ" ಎಂದರು ಮಾಸ್ತರು, ದೊಡ್ಡದೊಂದು ಉಸಿರು ಬಿಟ್ಟು.

ಪೊಲೀಸಪ್ಪ ಹತ್ತಿದ, ಬಾಗಿಲು ಸರಿಸಿದ, ಹಾಗೇ ಇಳಿದು ಬಂದ. "ಖಾಲಿ ಅಂತೀರಿ. ಒಳಗ ಯಾರೋ ಹೆಣ್ಮಗಳು ಗೊರಕಿ ಹೊಡಿಯಾಕತ್ತಾರಲ್ರೀ."

ನಾನೂ ಮಾಸ್ತರೂ ಬಿದ್ದು ಎದ್ದು ಹತ್ತಿದೆವು. ಬಾಯಾರು ಬ್ಯಾಗು ತಲೆಗಿಟ್ಟುಕೊಂಡು, ಗಾದಿಯ ನಟ್ಟನಡುವೆ, ಇಬ್ಬರ ಜಾಗವನ್ನೂ ಒಬ್ಬರೇ ಹಿಡಿದು ಮಲಗಿದ್ದರು. ನಾವಿನ್ನೂ ಊಟಕ್ಕೆ ಕೂತಿದ್ದಾಗ, ಯಾರೂ ನೋಡದಂತೆ ಒಮ್ಮೆ ಮಲಗಿ ನೋಡೋಣ ಎಂದು ಹತ್ತಿದವರು. ಕ್ರೇನು ಎತ್ತಿದ್ದು ಗೊತ್ತಿಲ್ಲ, ಲಾರಿ ಒಗೆದದ್ದು ಗೊತ್ತಿಲ್ಲ. ನಮ್ಮ ಸಪ್ಪಳಕ್ಕೆ ಒಂದು ಕಣ್ಣು ತೆರೆದರು.

"ಬಾಗಲಾ ಹಾಕ್ರಿ, ಬಿಸಲು ಬರ್ತೈತಿ" ಎಂದರು. "ಇನ್ನೈದು ನಿಮಿಷ ಮಲಗಿ ಅಕ್ಕನ ಮನಿಗೆ ಹೋಗ್ತೀನಿ."

ಪೊಲೀಸಪ್ಪ ಕೆಳಗಿನಿಂದ, "ಅಕ್ಕನ ಮನಿ ಗೋವಾದಾಗ ಐತೇನ್ರೀ?" ಎಂದ.

ನಾನು ಅಲ್ಲೇ ನಿಂತು ಮೈದುನನಿಗೆ ಫೋನು ಹಚ್ಚಿದೆ. "ಏಣಿ ಹತ್ತಿದಿಯೇನು?"

"ಹತ್ತೀನಿ ಭಾಬಿ." ಅವನ ದನಿ ಸಣ್ಣದಾಗಿತ್ತು. "ಒಂದು ಮೊಳಿ ಕಿತ್ತೀನಿ. ಎರಡನೇದಕ್ಕ ಕೈ ಬರವಲ್ದು. ಅಣ್ಣನ ಅಕ್ಷರ ಅಲ್ಲೇನ್ರಿ."

"ಕಿತ್ತ ಮೊಳಿ ತಿರುಗಿ ಬಡಿ. ಇಳೀಬ್ಯಾಡ, ಪೇಂಟು ತರಿಸ್ಕೋ. ಅಣ್ಣನ ಅಕ್ಷರದ ಕೆಳಗ ಇನ್ನೊಂದು ಸಾಲು ಬರಿ: ದೋಣಿಗಳಿಗೂ."

ಆ ಕಡೆಯಿಂದ ಮೊಳೆ ಬಡಿಯುವ ಸಪ್ಪಳ ಕೇಳಿಸಿತು. ಆಮೇಲೆ ಕೇಳಿದ, "ಭಾಬಿ, ಬೆಳಗಾವ್ಯಾಗ ದೋಣಿ ಎಲ್ಲಿ ಅದಾವು?"

"ಅದು ನಿನಗ ಯಾಕ ಬೇಕು?" ಎಂದೆ. "ನಿನ್ನ ಅಂಗಡ್ಯಾಗ ಕುಂತ್ರೂ ಕಾಣೂವಷ್ಟು ದೊಡ್ಡದಾಗಿ ಬರಿ."