ಜೀಪು ಕೊಂಡದ್ದು ತಪ್ಪಲ್ಲ

ಮೊದಲೇ ಒಂದು ಮಾತು ದಾಖಲಿಸಿಬಿಡುತ್ತೇನೆ. ಜೀಪು ಕೊಂಡದ್ದು ತಪ್ಪಲ್ಲ. ಬಿಳಿಚೋಡಿನಲ್ಲಿ ಅಷ್ಟು ಜನರ ಎದುರಿಗೆ ನಿಂತಾಗಲೂ ಇದನ್ನೇ ಹೇಳಿದೆ, ಇವತ್ತೂ ಇದನ್ನೇ ಹೇಳುತ್ತೇನೆ. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಜನರ ಹೊಲ ಅಳೆದು ನಿವೃತ್ತನಾದವನು ನಾನು. ಯಾರಿಗೂ ಒಂದು ಗೇಣು ಹೆಚ್ಚು ಕೊಟ್ಟಿಲ್ಲ, ಒಂದು ಗೇಣು ಕಡಿಮೆ ಮಾಡಿಲ್ಲ. ಈ ಪ್ರಕರಣವನ್ನೂ ಹಾಗೆಯೇ, ನಡೆದದ್ದು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಹೊನ್ನಾಳಿಯಲ್ಲಿ ನಮ್ಮ ಸಂಸಾರ ನಡೆಯುವುದು ನನ್ನ ಪಿಂಚಣಿಯಿಂದ ಎಂದು ನಾನು ತಿಳಿದಿದ್ದೇನೆ. ನನ್ನ ಹೆಂಡತಿ ಗಿರಿಜಾಳ ಪಾತ್ರೆಗಳಿಂದ ಎಂದು ಉಳಿದ ಊರು ತಿಳಿದಿದೆ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅವಳು ಕೊಪ್ಪರಿಗೆ, ಹಂಡೆ, ಬೋಗುಣಿ, ಸೌಟು, ತಟ್ಟೆ, ಲೋಟಗಳನ್ನು ಬಾಡಿಗೆಗೆ ಕೊಡುತ್ತಾಳೆ. ಅವಳದು ಒಂದೇ ನಿಯಮ. ಒಲೆ ಹೊತ್ತುವ ಮೊದಲು ಪಾತ್ರೆ ಒಲೆಯ ಪಕ್ಕದಲ್ಲಿರಬೇಕು. ಹನ್ನೆರಡು ವರ್ಷದಲ್ಲಿ ಈ ನಿಯಮ ಒಮ್ಮೆಯೂ ತಪ್ಪಿರಲಿಲ್ಲ.

ಹತ್ತಿರದವರು ಪಾತ್ರೆಗಳನ್ನು ತಾವೇ ಒಯ್ಯುತ್ತಾರೆ. ದೂರದ ಮದುವೆಗೆ ನಾವೇ ಮುಟ್ಟಿಸಬೇಕು. ಅದು ವರ್ಷಕ್ಕೆ ನಾಲ್ಕೈದು ಸಲ. ಅದಕ್ಕೆಂದು ಹಿತ್ತಿಲಲ್ಲಿ ಎರಡು ಚಕ್ರದ ಒಂದು ಸಣ್ಣ ಟ್ರೇಲರ್ ಇಟ್ಟಿದ್ದೇವೆ. ಎಳೆಯುವುದಕ್ಕೆ ಪಕ್ಕದ ಮನೆಯ ಹಾಲಪ್ಪನ ಟ್ರ್ಯಾಕ್ಟರ್ ಬಾಡಿಗೆಗೆ ಬರುತ್ತಿತ್ತು. ಹಾಲಪ್ಪ ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಹೇಳಿದ ಜಾಗಕ್ಕೆ ಸರಿಯಾಗಿ ಮುಟ್ಟಿಸುತ್ತಿದ್ದ. ಒಬ್ಬ ಮನುಷ್ಯ ಎಷ್ಟು ದಿನ ಇದನ್ನು ಸಹಿಸಿಕೊಳ್ಳಲು ಸಾಧ್ಯ?

"ವರ್ಷಕ್ಕೆ ನಾಕು ಸಲ ಎಳಿಯಾಕೆ ಯಾರಾದ್ರೂ ಗಾಡಿ ಕೊಳ್ತಾರೇನ್ರೀ?" ಎಂದಳು ಗಿರಿಜಾ. "ಬಾಡಿಗೆ ಸಾಕು."

"ಬಾಡಿಗೆ ಅಂದ್ರೆ ಇನ್ನೊಬ್ರ ಮುಂದೆ ಕೈ ಚಾಚೋದು. ಸ್ವಂತದ್ದು ಅಂದ್ರೆ ಸ್ವಂತದ್ದು."

"ಹಂಗಾದ್ರೆ ನನ್ನ ಹತ್ರ ಬರೋರೆಲ್ಲ ಕೈ ಚಾಚಾಕೆ ಬರ್ತಾರಾ? ಒಂದು ದಿನದ ಹುಗ್ಗಿಗೆ ಎಲ್ರೂ ಕೊಪ್ಪರಿಗೆ ಕೊಳ್ಳಾಕೆ ಹೊಂಟ್ರೆ ನಾನೆಲ್ಲಿಗೆ ಹೋಗ್ಲಿ?"

ಈ ಪ್ರಶ್ನೆಗೆ ಉತ್ತರ ಯೋಚಿಸುತ್ತಾ ನಾನು ಚನ್ನಗಿರಿಗೆ ಹೋದೆ. ಉತ್ತರ ಹೊಳೆಯುವ ಮೊದಲೇ ಜೀಪು ಕೊಂಡಾಗಿತ್ತು.

ಅದು ಅಡಿಕೆ ವ್ಯಾಪಾರಿಯೊಬ್ಬರದು. ಮೂಟೆ ಹೊತ್ತು ಹೊತ್ತು ಅದರ ಬೆನ್ನು ಸ್ವಲ್ಪ ಕುಗ್ಗಿತ್ತು. "ಇದು ಬೆಟ್ಟಾನೇ ಎಳೀತೈತೆ ಸಾರ್" ಎಂದರು. ಬೆಟ್ಟ ಎಳೆಯುವ ಗಾಡಿಯನ್ನು ಏಕೆ ಮಾರುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಮೊದಲ ಭೇಟಿಯಲ್ಲೇ ಅಷ್ಟು ಖಾಸಗಿ ಪ್ರಶ್ನೆ ಸರಿಯಲ್ಲ ಅನಿಸಿತು.

ಜೀಪಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಕ್ಕೆ ಇರಲಿಲ್ಲ. ನ್ಯಾಮತಿಯಲ್ಲಿ ವೆಲ್ಡಿಂಗ್ ಮಾಡುವವನೊಬ್ಬ ಅದನ್ನು ಕೂರಿಸಿಕೊಟ್ಟ. ಒಂದರ ಮೇಲೊಂದು ಎರಡು ಕಬ್ಬಿಣದ ಪಟ್ಟಿ, ಎರಡಕ್ಕೂ ತೂತು. ಟ್ರೇಲರಿನ ಮೂತಿಯನ್ನು ನಡುವೆ ಇಟ್ಟು ಮೇಲಿನಿಂದ ದಪ್ಪ ಪಿನ್ನು ಇಳಿಸಬೇಕು. ಪಿನ್ನು ಮೇಲೆ ಜಿಗಿಯದಂತೆ ಅದರ ಕೆಳತುದಿಗೆ ಒಂದು ಕ್ಲಿಪ್ಪು ಹಾಕಬೇಕು.

"ಈ ಕ್ಲಿಪ್ ಹಾಕಿದ್ರೆ ಗಾಡಿ ಪಲ್ಟಿ ಹೊಡೆದ್ರೂ ಟ್ರೇಲರ್ ಬಿಡಂಗಿಲ್ಲ ಸಾರ್" ಎಂದ.

ಅವನ ಮಾತು ಪೂರ್ತಿ ನಿಜ. ಅವನ ಮೇಲೆ ನನ್ನ ಆಕ್ಷೇಪಣೆ ಯಾವುದೂ ಇಲ್ಲ.

ಮನೆಗೆ ತಂದು ಟ್ರೇಲರ್ ಕಟ್ಟಿ, ರಿವರ್ಸ್ ತೆಗೆದು ನೋಡಿದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ. ಜೀಪು ಎಡಕ್ಕೇ ಬಂತು. ಟ್ರೇಲರ್ ಬಲಕ್ಕೆ ಹೋಯಿತು. ಇದು ಅದರ ತಪ್ಪು ತಿಳಿವಳಿಕೆ ಎಂದುಕೊಂಡು ಇನ್ನಷ್ಟು ಎಡಕ್ಕೆ ತಿರುಗಿಸಿದೆ. ಅದು ಇನ್ನಷ್ಟು ಬಲಕ್ಕೆ ಹೋಯಿತು. ಬಲಕ್ಕೆ ಹಾಲಪ್ಪನ ತಿಪ್ಪೆ ಇತ್ತು. ಟ್ರೇಲರ್ ಅದರೊಳಗೆ ಅಚ್ಚಿನವರೆಗೆ ಹೂತುಕೊಂಡಿತು.

ಹಾಲಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಲೋಟ ಪೂರ್ತಿ ಮುಗಿಸಿ ಎದ್ದು ಬಂದ.

"ಸರ್ವೆ ಸಾಹೇಬ್ರು ಗಡಿ ಕಲ್ಲು ದಾಟಿ ಬಂದ್ರಲ್ಲ" ಎಂದ.

ಟ್ರ್ಯಾಕ್ಟರ್ ತಂದು ಎಳೆದು ಹಾಕಿದ. ಬಾಡಿಗೆ ಎಷ್ಟಾಯಿತೆಂದು ಗತ್ತಿನಿಂದ ಕೇಳಿದೆ. "ಬ್ಯಾಡ ಬಿಡ್ರಿ, ನೋಡಿದ್ದೇ ಆತು" ಎಂದ.

ಅಂದೇ ನಿಶ್ಚಯಿಸಿದೆ. ಇನ್ನು ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಈ ನಿಶ್ಚಯ ಜೀಪಿಗೂ ಅನ್ವಯ, ನನ್ನ ವಾದಕ್ಕೂ ಅನ್ವಯ.

ಅಷ್ಟರಲ್ಲಿ ಬಿಳಿಚೋಡಿನಿಂದ ಮದುವೆಯ ಆರ್ಡರ್ ಬಂತು. ಹುಡುಗಿಯ ತಂದೆ ಚನ್ನಬಸಪ್ಪನವರು ಹೊನ್ನಾಳಿಯ ನೆಂಟರ ಮನೆಯಲ್ಲಿ ಗಿರಿಜಾಳ ಪಾತ್ರೆಗಳನ್ನು ನೋಡಿದ್ದರಂತೆ. ಜಗಳೂರು ಕಡೆಯಿಂದ ಅವಳಿಗೆ ಬಂದ ಮೊದಲ ಆರ್ಡರ್ ಅದು. ಕೊಪ್ಪರಿಗೆಗಳನ್ನು ಹುಣಸೆಹಣ್ಣು ಹಾಕಿ ಎರಡೆರಡು ಸಲ ಬೆಳಗಿದಳು.

"ಇದೊಂದು ಚೆಂದ ಆದ್ರೆ ಸೊಕ್ಕೆ ಕಡೆ ಇನ್ನೂ ಎರಡು ಮದುವೆ ಅದಾವಂತೆ. ಕೆಟ್ರೆ ಆ ಸೀಮೆ ದಾರಿ ಅಲ್ಲಿಗೇ ಮುಚ್ಚಿದಂಗೆ" ಎಂದಳು. ಸ್ವಲ್ಪ ತಡೆದು, "ಹಾಲಪ್ಪಗೆ ಒಂದು ಮಾತು ಹೇಳಿಟ್ಟಿರ್ಲಾ?"

"ಮನೆ ಮುಂದೆ ಜೀಪು ನಿಂತೈತೆ" ಎಂದೆ.

"ಅದಕ್ಕೇ ಕೇಳಿದ್ದು" ಎಂದಳು.

ಹೊರಡುವ ಹಿಂದಿನ ಸಂಜೆ, ಪಾತ್ರೆಗಳನ್ನು ಟ್ರೇಲರಿಗೆ ತುಂಬಿದ ಮೇಲೆ, ಜೀಪಿಗೆ ಪೂಜೆ. ನಮ್ಮ ಮನೆಯಲ್ಲಿ ದುಡಿಯುವ ಕಬ್ಬಿಣಕ್ಕೆಲ್ಲ ಪೂಜೆಯಾಗಬೇಕು. ಗಿರಿಜಾ ವಿಭೂತಿ ಹಚ್ಚದೆ ಒಂದು ಜಾಲರಿ ಸೌಟನ್ನೂ ಹೊರಗೆ ಕಳಿಸುವವಳಲ್ಲ. ನಾನು ಜಾಕು, ಪಾನಾ, ಕ್ಲಿಪ್ಪಿನ ಸಮೇತ ಪಿನ್ನು, ಎಲ್ಲವನ್ನೂ ದೇವರ ಕೋಣೆಗೆ ಒಯ್ದು ಮಣೆಯ ಮೇಲೆ ಸಾಲಾಗಿ ಇಟ್ಟೆ.

"ಪಿನ್ನು ಯಾಕ್ರೀ ಒಳಗೆ? ಗಾಡಿಗೇ ಹಾರ ಹಾಕೀವಲ್ಲ" ಎಂದಳು.

"ಭಾರ ಎಳಿಯೋದೇ ಅದು. ಅದಕ್ಕೇ ಮೊದಲ ಪೂಜೆ."

ಪಿನ್ನಿಗೆ ಮೂರು ಬೆರಳು ವಿಭೂತಿ ಎಳೆದೆ, ಕುಂಕುಮವಿಟ್ಟೆ, ಸೇವಂತಿಗೆ ಮುಡಿಸಿದೆ.

ಬೆಳಿಗ್ಗೆ ಗಿರಿಜಾ ಮೊದಲ ಬಸ್ಸಿಗೆ ಹೊರಟಳು. ಅಲ್ಲಿ ಮುಂಚೆಯೇ ಇದ್ದು, ಒಲೆ ಹೂಡಿಸಿ, ಪಾತ್ರೆ ಎಣಿಸಿ ಇಳಿಸಿಕೊಳ್ಳುವುದು ಅವಳ ಕ್ರಮ. ಅವಳು ಹೋದ ಮೇಲೆ ಹಾಲಪ್ಪ ಬಂದು, "ಸಾಹೇಬ್ರೆ, ನಾನು ಹೊಲಕ್ಕೆ ಹೊಂಟೆ. ನಿಮ್ಮ ಟ್ರೇಲರ್ ಬೀದಿಗೆ ತಗೀರಿ, ದಾರಿ ಬೇಕು" ಎಂದ.

ಇಲ್ಲಿಂದ ಓದುಗರು ಗಮನವಿಟ್ಟು ಓದಬೇಕು.

ನನ್ನ ಸ್ನಾನ ಆಗಿರಲಿಲ್ಲ. ಸ್ನಾನವಿಲ್ಲದೆ ನಮ್ಮ ಮನೆಯಲ್ಲಿ ಯಾರೂ ದೇವರ ಕೋಣೆಗೆ ಕಾಲಿಡುವುದಿಲ್ಲ. ಪಿನ್ನು ದೇವರ ಕೋಣೆಯಲ್ಲಿತ್ತು. ಆದ್ದರಿಂದ ಶಾಮಿಯಾನದ ಹಗ್ಗ ಕಟ್ಟುವ ಕಬ್ಬಿಣದ ಗೂಟವೊಂದನ್ನು ಪಿನ್ನಿನ ಜಾಗದಲ್ಲಿ ಇಳಿಸಿದೆ. ಕೇವಲ ತಾತ್ಕಾಲಿಕವಾಗಿ. ಹಿತ್ತಿಲಿನಿಂದ ಬೀದಿಗೆ, ಅಳೆದು ಹೇಳುತ್ತೇನೆ, ನಲವತ್ತೊಂದು ಹೆಜ್ಜೆ. ಗೂಟ ನಲವತ್ತೊಂದು ಹೆಜ್ಜೆಯೂ ತನ್ನ ಕರ್ತವ್ಯ ನಿರ್ವಹಿಸಿತು.

ಆಮೇಲೆ ಸ್ನಾನ ಮಾಡಿದೆ. ಮಂಡಕ್ಕಿ ಒಗ್ಗರಣೆ ತಿಂದೆ. ದೇವರ ಕೋಣೆಯ ಬಾಗಿಲಲ್ಲಿ ನಿಂತೆ. ಪಿನ್ನು ಹೂವು ಮುಡಿದು ಬಹಳ ಲಕ್ಷಣವಾಗಿ ಕಾಣುತ್ತಿತ್ತು. ಅದಕ್ಕೆ ಭಕ್ತಿಯಿಂದ ಕೈ ಮುಗಿದೆ. ಬಾಗಿಲು ಹಾಕಿಕೊಂಡು ಜೀಪು ಹತ್ತಿದೆ.

ದಾವಣಗೆರೆ ದಾಟಿ ಜಗಳೂರು ರಸ್ತೆ ಹಿಡಿಯುವವರೆಗೆ ಹಿಂದಿನಿಂದ ಪಾತ್ರೆಗಳ ಸದ್ದು ಬರುತ್ತಲೇ ಇತ್ತು. ಒಂದು ಊರಿನ ಹತ್ತಿರ ದೊಡ್ಡ ಹಂಪ್ ಬಂತು. ಜೀಪು ಒಮ್ಮೆ ಕುಪ್ಪಳಿಸಿತು. ಸದ್ದು ನಿಂತಿತು. ಪಾತ್ರೆಗಳು ಒಂದಕ್ಕೊಂದು ಒತ್ತಿ ಕೂತವು ಎಂದು ಸಮಾಧಾನವಾಯಿತು. ಅಲ್ಲಿಂದ ಜೀಪು ಹಗುರವಾಗಿ, ಹಕ್ಕಿಯ ಹಾಗೆ ಓಡತೊಡಗಿತು. ಎಂಜಿನ್ ಕಾದ ಮೇಲೆ ನಿಜವಾದ ಶಕ್ತಿ ಬರುತ್ತದೆ ಎಂದುಕೊಂಡೆ. ಪಕ್ಕದ ಹೊಲದಿಂದ ಒಬ್ಬ ಕುರಿಗಾರ ಕೋಲು ಎತ್ತಿ ನನ್ನತ್ತ ಜೋರಾಗಿ ಬೀಸಿದ. ಈ ಸೀಮೆಯ ಜನ ಎಷ್ಟು ಸ್ನೇಹಪರರು ಎಂದುಕೊಂಡು ನಾನೂ ಕೈ ಬೀಸಿದೆ.

ಕನ್ನಡಿ ನೋಡಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಕನ್ನಡಿಗೆ ಹಾರ ಹಾಕಿತ್ತು.

ಚನ್ನಬಸಪ್ಪನವರ ಮನೆಯ ಮುಂದೆ ಹಾರ್ನ್ ಮಾಡುತ್ತಾ ಬಂದು ನಿಲ್ಲಿಸಿದೆ. ಚಪ್ಪರದ ಪಕ್ಕ ಒಲೆ ಹೂಡಿಯಾಗಿತ್ತು, ಸೌದೆ ಒಟ್ಟಿಯಾಗಿತ್ತು. ಅಡಿಗೆಯ ಬಸಣ್ಣ ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ನಿಂತಿದ್ದ. ಗಿರಿಜಾ ಪಟ್ಟಿ ಹಿಡಿದಿದ್ದಳು. "ಬಂದ್ವು, ಪಾತ್ರೆ ಬಂದ್ವು" ಎನ್ನುತ್ತಾ ಐದಾರು ಜನ ಪಂಚೆ ಎತ್ತಿ ಕಟ್ಟಿ ಜೀಪಿನ ಹಿಂದಕ್ಕೆ ಬಂದರು.

ನಾನು ಸೀಟಿನಿಂದ ಇಳಿಯಲಿಲ್ಲ. ಅಲ್ಲಿಂದಲೇ, "ಅವಸರ ಬ್ಯಾಡ. ಮೊದ್ಲು ದೊಡ್ಡ ಕೊಪ್ಪರಿಗೆ ಇಳಿಸ್ರಿ" ಎಂದು ಅಪ್ಪಣೆ ಕೊಟ್ಟೆ.

ಅವರು ಜೀಪಿನ ಹಿಂದೆ ಬಗ್ಗಿ ನೋಡಿದರು. ಒಬ್ಬ ವಿನಯದಿಂದ ಕೇಳಿದ: "ಯಾವುದರಿಂದ ಇಳಿಸಾನ್ರಿ?"

ಇಳಿದು ಹಿಂದೆ ಹೋಗಿ ನೋಡಿದೆ. ಜೀಪಿನ ಹಿಂದೆ ಕೊಕ್ಕೆ ಇತ್ತು. ಕೊಕ್ಕೆಯ ಹಿಂದೆ ರಸ್ತೆ ಇತ್ತು. ರಸ್ತೆಯ ಆ ತುದಿಗೆ ದಾವಣಗೆರೆ ಇತ್ತು. ಬೇರೇನೂ ಇರಲಿಲ್ಲ.

ಗಿರಿಜಾ ಕೊಕ್ಕೆಯನ್ನು ನೋಡಿದಳು. ನನ್ನನ್ನು ನೋಡಿದಳು. "ಟ್ರೇಲರ್ ಹಿಂದಿನ ಬಸ್ಸಿಗೆ ಬರ್ತೈತೇನ್ರೀ?" ಎಂದಳು.

"ಅಕ್ಕಾ, ಹುಗ್ಗೀನ ಲೋಟದಾಗೆ ಮಾಡಾಕೆ ಬರಲ್ಲ ನಂಗೆ" ಎಂದ ಬಸಣ್ಣ.

ಆಗ ನಾನು ನೆರೆದ ಜನರನ್ನು ಉದ್ದೇಶಿಸಿ ಸ್ಪಷ್ಟವಾಗಿ ಹೇಳಿದೆ: "ಜೀಪು ಕೊಂಡದ್ದು ತಪ್ಪಲ್ಲ." ಕೊಂಡದ್ದು ತಪ್ಪೆಂದು ಅಲ್ಲಿ ಯಾರೂ ಅಂದಿರಲಿಲ್ಲ. ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಗಿರಿಜಾ ಬಸಣ್ಣನ ಹತ್ತಿರ ಹೋಗಿ ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಳು. "ಒಂದು ತಾಸು ಒಲೆ ಹಚ್ಚಬ್ಯಾಡ್ರಣ್ಣ. ನಾನು ಬರ್ತೀನಿ" ಎಂದಳು. ಅವಳ ದನಿ ಒಡೆದಿತ್ತು. ಹನ್ನೆರಡು ವರ್ಷದಲ್ಲಿ ಅವಳು ಯಾರ ಹತ್ತಿರವೂ ಹೊತ್ತು ಕೇಳಿದವಳಲ್ಲ. ಇದನ್ನು ನಾನು ಕಿವಿಯಾರೆ ಕೇಳಿದೆ. ಇಲ್ಲಿ ಮಾತ್ರ ನನಗೆ ತಮಾಷೆ ಮಾಡಲು ಬರುವುದಿಲ್ಲ.

ಬೆಂಕಿಪೊಟ್ಟಣ ಮುಷ್ಟಿಯಲ್ಲೇ ಹಿಡಿದು ಜೀಪು ಹತ್ತಿದಳು. ಹಂಪಿನವರೆಗೆ ರಸ್ತೆಯ ಎರಡೂ ಬದಿ ನೋಡುತ್ತಲೇ ಕೂತಿದ್ದಳು.

ಟ್ರೇಲರ್ ರಸ್ತೆಯಿಂದ ಇಳಿದು, ಒಂದು ಜಾಲಿ ಮರದ ಕೆಳಗೆ ಮೂತಿ ನೆಲಕ್ಕೂರಿ ನಿಂತಿತ್ತು. ಸುತ್ತ ಕುರಿಗಳು. ಚಕ್ರಗಳಿಗೆ ಯಾರೋ ಕಲ್ಲು ಕೊಟ್ಟಿದ್ದರು. ಹಗ್ಗ ಬಿಗಿದಿದ್ದರಿಂದ ಒಂದು ಲೋಟವೂ ಬಿದ್ದಿರಲಿಲ್ಲ. ಹಗ್ಗ ಬಿಗಿದವಳು ಗಿರಿಜಾ. ಕಂಬಳಿ ಹೊದ್ದ ಕುರಿಗಾರ ಎದ್ದು ಬಂದ.

"ನಿಮ್ದೇನ್ರಿ ಇದು? ಹಂಪ್ ಹಾರಿ ನೀವು ಅತ್ಲಾಗೆ ಹೊಂಟ್ರಿ, ಇದು ಇತ್ಲಾಗೆ ಹೊಂಟು ಬಂತು. ಕೋಲು ಬೀಸಿ ಕೂಗಿದೆ."

"ಇವ್ರು ಏನು ಮಾಡಿದ್ರು?" ಎಂದಳು ಗಿರಿಜಾ.

"ಟಾಟಾ ಮಾಡಿ ಹೋದ್ರಮ್ಮ."

ಗೂಟ ಎಲ್ಲಿಯೂ ಸಿಗಲಿಲ್ಲ. ಗಿರಿಜಾ ನನ್ನ ಕಡೆ ತಿರುಗಿದಳು. "ಪಿನ್ನು ಎಲ್ಲಿ?"

"ಹೊನ್ನಾಳಿಯಲ್ಲಿ."

"ಹೊನ್ನಾಳ್ಯಾಗೆ ಎಲ್ಲಿ?"

"ದೇವರ ಕೋಣೆಯಲ್ಲಿ."

ಅವಳು ಆಕಾಶ ನೋಡಿದಳು. "ಹೂವು ಬಾಡಿಲ್ಲ ತಾನೇ?" ಎಂದಳು.

ಕುರಿಗಾರ ಕನಿಕರದಿಂದ ತನ್ನ ಕೋಲನ್ನೇ ತೂತಿಗೆ ತೂರಿಸಿದ. ಜೀಪು ಒಂದೇ ಎಳೆತಕ್ಕೆ ಅದನ್ನು ಮುರಿಯಿತು. ಇಲ್ಲಿ ಜೀಪಿನ ಶಕ್ತಿಯನ್ನು ಗಮನಿಸಬೇಕು ಎಂದು ನಾನು ಹೇಳಿದೆ. ಯಾರೂ ಗಮನಿಸಲಿಲ್ಲ.

ಅಷ್ಟರಲ್ಲಿ ಖಾಲಿ ಟ್ರ್ಯಾಕ್ಟರೊಂದು ಬಿಳಿಚೋಡು ಕಡೆಗೆ ಬಂತು. ಗಿರಿಜಾ ರಸ್ತೆಯ ನಡುವೆ ನಿಂತು ಕೈ ಚಾಚಿದಳು. ನಾನು ವರ್ಣಿಸಿದ್ದ ಹಾಗೆಯೇ, ಪೂರ್ತಿ ಕೈ ಚಾಚಿ.

"ಬಾಡಿಗೆಗೆ ಬರ್ತೀಯೇನಪ್ಪಾ?"

"ಬರ್ತೀನಿ ಬಿಡ್ರಮ್ಮ."

"ಪಿನ್ನು ಐತಾ?"

"ಪಿನ್ ಇಲ್ದೆ ಯಾರಾದ್ರೂ ರೋಡಿಗೆ ಬರ್ತಾರಾ?" ಎಂದು ಅವನು ನಕ್ಕ. ಜೊತೆಗೆ ನಕ್ಕವರು ಇಬ್ಬರು. ನಾನು ಅವರಲ್ಲಿ ಒಬ್ಬನಲ್ಲ.

ಹೀಗೆ ಪಾತ್ರೆಗಳು ಬಾಡಿಗೆ ಟ್ರ್ಯಾಕ್ಟರಿನ ಹಿಂದೆ ಬಿಳಿಚೋಡು ಪ್ರವೇಶಿಸಿದವು. ಗಿರಿಜಾ ಕೊಪ್ಪರಿಗೆಗಳ ನಡುವೆ ನಿಂತಿದ್ದಳು. ಅದರ ಹಿಂದೆ ನಾನು, ಹಾರ ಹಾಕಿದ ಖಾಲಿ ಜೀಪಿನಲ್ಲಿ. ಕೊಪ್ಪರಿಗೆ ಒಲೆಯ ಪಕ್ಕಕ್ಕೆ ಬಂದ ಮೇಲೆ ಅವಳು ಬೆಂಕಿಪೊಟ್ಟಣವನ್ನು ಬಸಣ್ಣನಿಗೆ ಕೊಟ್ಟಳು. ಒಲೆ ಹೊತ್ತುವ ಮೊದಲು ಪಾತ್ರೆ ಮುಟ್ಟಿದವು. ನಿಯಮ ಮುರಿದಿಲ್ಲ ಎಂದು ನಾನು ಯಾವ ಕಚೇರಿಯಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಊಟ ತಡವಾಯಿತು, ಅದು ಬೇರೆ ವಿಷಯ. ಹುಗ್ಗಿ ಚೆನ್ನಾಗಿತ್ತು. ಬಡಿಸುವವರು ನನ್ನ ಎಲೆಯ ಮುಂದೆ ಬಂದಾಗ, "ಖಾಲಿ ಜೀಪಿನ ಸಾಹೇಬ್ರಿಗೆ ಇನ್ನೊಂದು ಸೌಟು ಹಾಕ್ರಪ್ಪ" ಎಂದರು ಚನ್ನಬಸಪ್ಪನವರು. ಹಾಕಿಸಿಕೊಂಡೆ.

ಮೂರು ದಿನ ಗಿರಿಜಾ ಪಾತ್ರೆಗಳನ್ನು ಬೆಳಗಿ ಎಣಿಸಿಟ್ಟಳು. ನಾಲ್ಕನೆಯ ದಿನ ಬೋರ್ಡು ಬರೆಯುವವನು ಬಂದ. "ಪಾತ್ರೆಗಳು ಬಾಡಿಗೆಗೆ ದೊರೆಯುತ್ತವೆ" ಎಂಬುದರ ಕೆಳಗೆ "ಜೀಪು ಸಹ" ಎಂದು ಸೇರಿಸಿದ. ಅದರ ಕೆಳಗೆ ಇನ್ನೊಂದು ಸಾಲು: "ಡ್ರೈವರ್ ಇರುವುದಿಲ್ಲ."

"ನಾನು ಇದೀನಲ್ಲ" ಎಂದೆ.

"ಅದಕ್ಕೇ ಬರೆಸಿದ್ದು" ಎಂದಳು.

ಈಗ ಜೀಪಿಗೆ ಬಿಡುವಿಲ್ಲ. ಜನ ಕೇಳಿಕೊಂಡು ಬರುತ್ತಾರೆ. ಕೊಂಡದ್ದು ತಪ್ಪಾಗಿದ್ದರೆ ಹೀಗೆ ಬರುತ್ತಿದ್ದರೇ?

ಮೊನ್ನೆ ಸೊಕ್ಕೆಯ ಮದುವೆಯ ಆರ್ಡರೂ ಬಂತು. ಬೆಳಿಗ್ಗೆ ಸ್ನಾನ ಮಾಡಿ, ಪಿನ್ನು ಕೈಯಲ್ಲೇ ಹಿಡಿದು ಹೊರಗೆ ಬಂದೆ. ಜೀಪು ಇರಲಿಲ್ಲ. ಯಾರೋ ಬಾಡಿಗೆಗೆ ಒಯ್ದಿದ್ದರು. ಬೀದಿಯಲ್ಲಿ ಹಾಲಪ್ಪನ ಟ್ರ್ಯಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ನಿಂತಿತ್ತು. ನಾನು ಪಿನ್ನನ್ನು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತೆ. ಟ್ರೇಲರಿಗೆ ಅವನ ಪಿನ್ನನ್ನೇ ಹಾಕಿದ್ದ.

ಊರು ದಾಟಿದ ಮೇಲೆ ಹಾಲಪ್ಪ ಕೇಳಿದ: "ನಿಜ ಹೇಳ್ರಿ ಸಾಹೇಬ್ರೆ, ಆ ಜೀಪು ಕೊಂಡಿದ್ದು ತಪ್ಪಾತು ಅನ್ನಿಸ್ತೈತಾ?"

"ತಪ್ಪಲ್ಲ" ಎಂದೆ, ಗಟ್ಟಿಯಾಗಿ.

ಹೇಳಿ, ತಿರುಗಿ ನೋಡಿದೆ. ಟ್ರೇಲರ್ ಇತ್ತು. ಸೊಕ್ಕೆ ಮುಟ್ಟುವವರೆಗೆ ಎಷ್ಟು ಸಲ ಹೀಗೆ ತಿರುಗಿ ನೋಡಿದೆ ಎಂಬುದೊಂದನ್ನು ಮಾತ್ರ ನಾನು ದಾಖಲಿಸುವುದಿಲ್ಲ.