ಮೂರು ಇಂಟು ಮಾರ್ಕಿನ ಕಾಡು

ಎಲ್ಲಕ್ಕೂ ಕಾರಣ ಒಂದು ಡಬ್ಬಿ ಹಳದಿ ಬಣ್ಣ. ಮೋಂಬರ್ಲಾ ಊರಿನ, ಲೊರಾಗೆ ಎಂಬ ಹೆಸರಿನ ಮೇಯರ್ ಸಾಹೇಬರು ಅದನ್ನು ಬೆಳಗಿನ ಕಾಫಿಯ ಹೊತ್ತಿಗೆ ಅಮೆದೆಯ ಬಾಗಿಲಿಗೇ ಹೊತ್ತು ತಂದರು.

"ಅಮೆದೆ, ಕೆಳಗಿನ ಪೇಟೆಯಿಂದ ಚಾರಣದ ಸಂಘದವರು ಮಧ್ಯಾಹ್ನ ಊಟ ಮುಗಿಸ್ಕೊಂಡು ಬರ್ತಾರಂತೆ. ನಮ್ಮ ಹೊಸ ದಾರಿ ನಡೆದು ನೋಡ್ತಾರೆ. ಗುರುತು ಹಾಕಿ ಮುಗಿಸಿಬಿಡು."

"ಅದು ಮುಂದಿನ ವಾರ ಅಂದಿದ್ರಲ್ಲ ಮೇಯರ್ರೇ?"

"ನಾನು ಮುಂದಿನ ವಾರ ಅಂದೆ. ಅವರು ಇವತ್ತು ಅಂದ್ರು. ಏನ್ ಮಾಡ್ಲಿ?"

ಬೆಟ್ಟದ ನೆತ್ತಿಯ ಮೇಲೆ ಕೂತ ನಮ್ಮೂರಿನಲ್ಲಿ ಕೋಟೆಬಾಗಿಲಿದೆ, ಕೋಟೆಯಿಲ್ಲ. ಗಾಳಿಗಿರಣಿ ಇದೆ, ಅದಕ್ಕೆ ರೆಕ್ಕೆಗಳಿಲ್ಲ. ಕಾಡಂಚಿನಲ್ಲಿ ಹಳೆಯ ಚರ್ಚಿದೆ, ಅದರ ಸೂರು ಎಂದೋ ಹಾರಿಹೋಗಿದೆ. ಇಂಥ ಅರ್ಧಂಬರ್ಧ ವೈಭವವನ್ನೆಲ್ಲ ಒಂದೇ ಕಾಲುದಾರಿಯಲ್ಲಿ ಪೋಣಿಸಿ ಪರವೂರಿನವರನ್ನು ಕರೆತರಬೇಕೆಂಬುದು ಮೇಯರ್ ಸಾಹೇಬರ ಬಹುಕಾಲದ ಆಸೆ. ದಾರಿಯ ಗುರುತು ಎಲ್ಲರಿಗೂ ಗೊತ್ತಿರುವಂಥದ್ದೇ. ಮರಕ್ಕೆ ಹಳದಿ ಗೀಟು ಎಳೆದಿದ್ದರೆ ಈ ಕಡೆ ಬಾ ಎಂದರ್ಥ, ಹಳದಿ ಇಂಟು ಮಾರ್ಕು ಹಾಕಿದ್ದರೆ ಈ ಕಡೆ ಬರಬೇಡ ಎಂದರ್ಥ.

ಆ ಕೆಲಸವನ್ನು ನಿವೃತ್ತ ಅಂಚೆಯವ ಅಮೆದೆ ತಾನಾಗಿಯೇ ಕೇಳಿ ಪಡೆದಿದ್ದ. ಊರಿನ ಮೇಲಿನ ಪ್ರೀತಿಯಿಂದ ಎಂದು ಮೇಯರ್ ಸಭೆಯಲ್ಲಿ ಹೊಗಳಿದ್ದರು. ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ. ಅವನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದುದು ಅಣಬೆಯ ಚಿಂತೆ.

ಅಣಬೆ ಅಂದರೆ ಅಂಥಿಂಥದ್ದಲ್ಲ, ದಪ್ಪ ಕಾಲಿನ, ಕಂದು ಟೋಪಿಯ ಸೆಪ್ ಅಣಬೆ. ನಮ್ಮೂರಿನಲ್ಲಿ ಮನುಷ್ಯ ತನ್ನ ಸಾಲ, ಕಾಯಿಲೆ, ಹೆಂಡತಿಯ ಬೈಗುಳ ಎಲ್ಲವನ್ನೂ ಹೇಳಿಕೊಂಡಾನು, ಅಣಬೆ ಏಳುವ ಜಾಗವೊಂದನ್ನು ಬಿಟ್ಟು. ಅದನ್ನು ಅಪ್ಪ ಸಾಯುವಾಗ ಮಗನ ಕಿವಿಯಲ್ಲಿ ಉಸುರಬೇಕು. ಅವಸರದಲ್ಲಿ ಸತ್ತ ಅಪ್ಪಂದಿರನ್ನು ಮಕ್ಕಳು ಇವತ್ತಿಗೂ ಕ್ಷಮಿಸಿಲ್ಲ. ಜಾಗದ ಮಾತು ಹಾಗಿರಲಿ, ಕಾಡಿನ ದಾರಿಯಲ್ಲಿ ಎದುರಾದವರ ಮುಂದೆ ಅಣಬೆ ಎಂಬ ಪದವನ್ನೇ ಎತ್ತುವಂತಿಲ್ಲ.

ಅಮೆದೆಯ ಜಾಗ ಇದ್ದುದು ಪಾಳುಚರ್ಚಿನ ಹಿಂದೆ, ಚೆಸ್ಟ್‌ನಟ್ ಮರಗಳ ಕೆಳಗೆ. ವರ್ಷವಿಡೀ ಅವನ ಮಾತಿಗೆ ಊರಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಆದರೆ ಶರತ್ಕಾಲದಲ್ಲಿ ಎಲ್ಲರಿಗಿಂತ ತುಂಬಿದ ಬುಟ್ಟಿ ಹಿಡಿದು ಅವನು ಕೋಟೆಬಾಗಿಲು ಹಾದು ಬಂದನೆಂದರೆ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ಹೊಸ ದಾರಿ ಆ ಮರಗಳ ಹತ್ತಿರ ಹಾಯ್ದರೆ ಆ ಮರ್ಯಾದೆಯೂ ಹೋಯಿತು. ಅದಕ್ಕೇ ಕುಂಚ ತನ್ನ ಕೈಯಲ್ಲೇ ಇರಲಿ ಎಂದು ಅವನು ಹಟ ಹಿಡಿದದ್ದು. ಹಿಂದಿನ ವಾರ ಒಳ್ಳೆಯ ಮಳೆ ಬೇರೆ ಸುರಿದಿತ್ತು.

ಅವನು ಡಬ್ಬಿ ಹಿಡಿದು ಊರಾಚೆಯ ಬಟ್ಟೆ ಒಗೆಯುವ ಕಟ್ಟೆ ದಾಟುವಷ್ಟರಲ್ಲಿ ತೀರಿಕೊಂಡ ಬೇಕರಿಯವನ ಹೆಂಡತಿ ಹುಗೆಟ್ ಅಡ್ಡ ಬಂದಳು.

"ಎಲ್ಲಿಗಪ್ಪಾ ಸವಾರಿ? ಆ ಓಕ್ ತೋಪಿನ ಕಡೆಗಾ? ಬೇಡ ಮಾರಾಯ, ಅಲ್ಲಿ ಹಾವಿದೆ. ಇಷ್ಟುದ್ದ."

"ನಿನ್ನೆ ನೀವೇ ಅಲ್ಲಿಂದ ಬಂದ್ರಲ್ಲ ಹುಗೆಟಮ್ಮ, ಬುಟ್ಟಿ ಹಿಡ್ಕೊಂಡು."

"ಹಾವಿಗೆ ನನ್ನ ಪರಿಚಯ ಇದೆ. ಪೇಟೆಯವರ ಪರಿಚಯ ಇದೆಯಾ? ಕಚ್ಚಿದ್ರೆ ಯಾರು ಹೊಣೆ? ಸುಮ್ನೆ ಅಲ್ಲೊಂದು ಇಂಟು ಮಾರ್ಕು ಹಾಕು."

ಅಮೆದೆಗೆ ಅರ್ಥವಾಯಿತು. ಅರ್ಥವಾಗಿದೆ ಎಂದು ತೋರಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ತೋಪಿನ ಮೊದಲ ಮರಕ್ಕೆ ಒಂದು ಇಂಟು ಬಿತ್ತು.

ಗಾಳಿಗಿರಣಿಯ ಹತ್ತಿರ ಮೇಯರ್ ಸಾಹೇಬರೇ ಏದುಸಿರು ಬಿಡುತ್ತ ನಿಂತಿದ್ದರು. "ಅಮೆದೆ, ಒಂದು ಮಾತು ಮರೆತೆ. ಈ ಇಳಿಜಾರಿನ ಕಡೆ ಯಾರನ್ನೂ ಬಿಡಬೇಡ. ಗೋಡೆ ಕುಸಿಯುತ್ತೆ."

"ಅಲ್ಲಿ ಗೋಡೆಯೇ ಇಲ್ಲವಲ್ಲ ಸಾಹೇಬ್ರೇ."

"ನೋಡಿದೆಯಾ, ಎಷ್ಟು ಅಪಾಯ! ಆಗಲೇ ಕುಸಿದುಹೋಗಿದೆ. ಎರಡು ಇಂಟು ಹಾಕು. ಇದು ಸರ್ಕಾರಿ ಕೆಲಸ."

ಅಮೆದೆ ಎರಡು ಹಾಕಿದ. ಕಲ್ಲುಶಿಲುಬೆಯ ತಿರುವಿಗೆ ಬಂದರೆ ಅಲ್ಲಿ ಕೆಫೆಯ ಫಿರ್ಮೆನ್, ಕಟ್ಟಿದ ಏಪ್ರನ್ನು ಬಿಚ್ಚದೆಯೇ ಓಡಿಬಂದು ಕಾಯುತ್ತಿದ್ದ. ಸುದ್ದಿ ಅವನಿಗೆ ಹೇಗೆ ಮುಟ್ಟಿತೋ ದೇವರೇ ಬಲ್ಲ.

"ಈ ಪೈನ್ ತೋಪೊಳಗೆ ದೊಡ್ಡ ಕಣಜದ ಗೂಡಿದೆ ಅಮೆದೆ. ನಮ್ಮ ಚಿಕ್ಕಮ್ಮ ಸತ್ತಿದ್ದೇ ಅದರಿಂದ."

"ನಿಮ್ಮ ಚಿಕ್ಕಮ್ಮ ಸತ್ತಿದ್ದು ಪೇಟೆ ಆಸ್ಪತ್ರೇಲಿ ಕಣೋ. ನಾನೇ ಹೂವು ತಗೊಂಡು ಹೋಗಿದ್ದೆ."

"ಆಸ್ಪತ್ರೆಗೆ ಹೊರಟಿದ್ದು ಎಲ್ಲಿಂದ? ಇಲ್ಲಿಂದ. ಮೂರು ಇಂಟು ಹಾಕು. ಮರಕ್ಕೊಂದು, ಬಂಡೆಗೊಂದು, ಬೇಲಿಗೊಂದು. ಸಂಜೆ ವೈನ್ ನಂದು."

ಮೂರೂ ಬಿದ್ದವು. ಆ ಹಳದಿ ಇಂಟುಗಳು ಮದುವೆಮನೆಯ ಚಪ್ಪರದಂತೆ ಅರ್ಧ ಮೈಲಿಯಿಂದಲೇ ಕಾಣುತ್ತಿದ್ದವು.

ಅಮೆದೆ ಪಾಳುಚರ್ಚಿನ ಹಿಂದಕ್ಕೆ ಬಂದಾಗ ನಡುಹಗಲಾಗಿತ್ತು, ಡಬ್ಬಿಯ ತಳ ಕಾಣುತ್ತಿತ್ತು. ಅಲ್ಲಿ ದಾರಿ ನಿಜವಾಗಿಯೂ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಊರು, ಎಡಕ್ಕೆ ಹೋದರೆ ಅವನ ಚೆಸ್ಟ್‌ನಟ್ ಮರಗಳು. ಎಡದ ಮರಕ್ಕೆ ಕುಂಚ ಚಾಚಿದವನು ಅಲ್ಲೇ ತಡೆದು ನಿಂತ. ಅಲ್ಲ, ಇಂಟು ಹಾಕಿದರೆ ಹುಗೆಟ್ ನಾಳೆಯೇ ಬಂದು ನೋಡುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುವುದಿಲ್ಲವೇ? ಏನೂ ಹಾಕದಿದ್ದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಬಲಗಡೆಗೆ ನೀಟಾಗಿ ಒಂದು ಗೀಟೆಳೆದು, ಎಡಗಡೆಯ ದಾರಿ ಹುಟ್ಟಿಯೇ ಇಲ್ಲವೆಂಬಂತೆ ಮುಖ ತಿರುಗಿಸಿ, ತನ್ನ ಜಾಣತನಕ್ಕೆ ತಾನೇ ಬೆರಗಾಗಿ ಮನೆಗೆ ನಡೆದ.

ಮಧ್ಯಾಹ್ನ ಹನ್ನೆರಡು ಹದಿಮೂರು ಮಂದಿಯ ತಂಡ ಕೋಲು ಊರಿಕೊಂಡು ಕೋಟೆಬಾಗಿಲಿನಿಂದ ಹೊರಟಿತು. ಮುಂದಾಳು ಸೊಲಾಂಜ್ ಎಂಬ ಎತ್ತರದ ಹೆಂಗಸು. ಊರಿನವರೆಲ್ಲ ಫಿರ್ಮೆನ್‌ನ ಕೆಫೆಯಲ್ಲಿ ಕೂತರು. ಅಮೆದೆಯ ಹೆಂಡತಿ ಬ್ಲಾಂಡಿನ್ ಕೂಡ ಹೆಣಿಗೆ ಹಿಡಿದು ಬಂದಳು. ಎಲ್ಲರ ಕಣ್ಣೂ ಗುಡ್ಡದ ಮೇಲೆ.

ಹೊತ್ತು ಬಾಗಿದ ಮೇಲೆ ತಂಡ ಮರಳಿತು. ಹೋಗುವಾಗ ಚಪ್ಪಟೆಯಾಗಿದ್ದ ಚೀಲಗಳು ಈಗ ಉಬ್ಬಿದ್ದವು. ಕೆಲವರು ಸ್ವೆಟರ್ ಬಿಚ್ಚಿ ಅದರ ತೋಳುಗಳಿಗೆ ಗಂಟು ಹಾಕಿ ಏನನ್ನೋ ತುಂಬಿಕೊಂಡಿದ್ದರು. ಸೊಲಾಂಜ್ ತನ್ನ ಚೀಲವನ್ನು ಮೇಜಿನ ಮೇಲಿಟ್ಟು ಬಾಯಿ ತೆರೆದಳು. ಒಳಗೆ ಸೆಪ್ ಅಣಬೆಗಳು, ಒಂದೊಂದೂ ಮುಷ್ಟಿ ಗಾತ್ರ.

"ಎಷ್ಟೋ ಊರಿನ ದಾರಿ ನಡೆದಿದ್ದೀವಿ ಮೇಯರ್ರೇ, ಇಂಥ ಉದಾರಿಗಳನ್ನ ನೋಡಿರಲಿಲ್ಲ," ಎಂದಳು. "ಮೊದಲು ನಮಗೆ ಅರ್ಥವಾಗ್ಲಿಲ್ಲ. ದಾರಿಯೇ ಇಲ್ಲದ ಕಡೆ ಇಂಟು ಮಾರ್ಕು ಯಾಕೆ ಅಂತ ಓಕ್ ತೋಪಿಗೆ ಇಣುಕಿದ್ರೆ, ಅಬ್ಬಾ! ಆಮೇಲೆ ಗೊತ್ತಾಯ್ತು. ಒಂದು ಇಂಟು ಅಂದ್ರೆ ಚೆನ್ನಾಗಿದೆ, ಎರಡು ಅಂದ್ರೆ ತುಂಬ ಚೆನ್ನಾಗಿದೆ. ಮೂರು ಇಂಟಿನ ಆ ಪೈನ್ ತೋಪಂತೂ ಬಿಡಿ, ಹೊರೋಕಾಗದೆ ಅರ್ಧ ಬಿಟ್ಟುಬಂದ್ವಿ. ನಾಳೆ ಮತ್ತೆ ಬರ್ತೀವಿ."

ಫಿರ್ಮೆನ್ ಕೈಯ ಗ್ಲಾಸು ಕೆಳಗೆ ಬಿತ್ತು. ಹುಗೆಟ್ ಕಣ್ಣೊರೆಸಿಕೊಂಡಳು. ಮೇಯರ್ ಸಾಹೇಬರು ಸ್ವಾಗತ ಭಾಷಣಕ್ಕೆಂದು ಎದ್ದವರು ಹಾಗೇ ಕೂತರು. ಅಮೆದೆಯ ಹೊಟ್ಟೆಯಲ್ಲಿ ಮಾತ್ರ ಹಾಲು ಹೊಯ್ದಂತಾಯಿತು. ಎಲ್ಲರದೂ ಹೋಯಿತು, ತನ್ನದು ಉಳಿಯಿತು. ಇನ್ನು ಮುಂದೆ ಊರಿಗೆಲ್ಲ ಒಂದೇ ಬುಟ್ಟಿ, ಅದು ತನ್ನ ಕೈಯಲ್ಲಿ. ಪಾಪ ಎನ್ನಿಸುವಂಥ ಮುಖ ಮಾಡಿಕೊಂಡು ಅವನು ಮೀಸೆಯೊಳಗೇ ನಕ್ಕ.

ಸೊಲಾಂಜ್ ಹೊರಡುತ್ತ ಬಾಗಿಲಲ್ಲಿ ನಿಂತಳು. "ಒಂದೇ ಒಂದು ದೂರು. ಪಾಳುಚರ್ಚಿನ ಹಿಂದೆ ದಾರಿ ಎರಡಾಗುತ್ತೆ, ಅಲ್ಲೊಂದು ಇಂಟು ಮಾರ್ಕು ಬೇಕೇ ಬೇಕಿತ್ತು. ಇರಲಿಲ್ಲವಲ್ಲ, ಇನ್ನೇನು ದಾರಿ ತಪ್ಪೋದ್ರಲ್ಲಿದ್ವಿ. ಇಂಟು ಇಲ್ಲ ಅಂದ್ಮೇಲೆ ಎಡಗಡೆ ಏನೂ ಇಲ್ಲ ಅಂದ್ಕೊಂಡು ನೆಟ್ಟಗೆ ಊರಿಗೆ ಬಂದುಬಿಟ್ವಿ."

ತಂಡ ಹೋಯಿತು.

"ಹೌದಲ್ಲ," ಎಂದ ಫಿರ್ಮೆನ್ ನಿಧಾನವಾಗಿ. "ಬೇಕಿಲ್ಲದ ಕಡೆ ಮೂರು ಹಾಕಿದೆ. ಬೇಕಾದ ಕಡೆ ಯಾಕಪ್ಪಾ ಹಾಕ್ಲಿಲ್ಲ?"

"ಬಣ್ಣ ಮುಗೀತು," ಎಂದ ಅಮೆದೆ.

"ಡಬ್ಬಿ ತಳದಲ್ಲಿ ಇನ್ನೂ ಇದೆ, ನಮ್ಮ ಹೊಸಿಲ ಹತ್ರಾನೇ ಇಟ್ಟಿದ್ದೀಯ," ಎಂದಳು ಬ್ಲಾಂಡಿನ್, ಹೆಣಿಗೆಯಿಂದ ತಲೆಯೆತ್ತದೆ.

"ಮರೆತುಹೋಯ್ತು ಕಣೇ."

"ಜೀವಮಾನವೆಲ್ಲ ಈ ಗುಡ್ಡದಲ್ಲಿ ಅಂಚೆ ಹಂಚಿದೋನು ನೀನು. ಒಂದು ಕವಲು ದಾರೀನೂ ಮರೆತಿದ್ದಿಲ್ಲ. ಮರೆತೆ ಅಂದ್ರೆ ಬೇಕಂತಲೇ ಮರೆತಿದ್ದೀಯ." ಅವಳು ಈಗ ಕಣ್ಣೆತ್ತಿ ನೋಡಿದಳು. "ಚೆಸ್ಟ್‌ನಟ್ ಮರದ ಕೆಳಗಾ? ಕಟ್ಟಿಕೊಂಡವಳಿಗೂ ಒಂದು ಮಾತು ಹೇಳ್ಲಿಲ್ಲವಲ್ಲೋ, ಪುಣ್ಯಾತ್ಮ."



ಮೊದಲು ಹುಗೆಟ್ ಎದ್ದಳು. ಮೊಣಕಾಲು ನೋವು, ಸ್ವಲ್ಪ ನಡೆದಾಡಬೇಕು ಎಂದಳು. ಮೇಯರ್ ಸಾಹೇಬರಿಗೆ ಯಾವುದೋ ತುರ್ತು ಸಭೆ ನೆನಪಾಯಿತು. ಫಿರ್ಮೆನ್ ಗಿರಾಕಿಗಳು ಕೂತಿದ್ದಂತೆಯೇ ಕೆಫೆಗೆ ಬೀಗ ಹಾಕಲು ಹೊರಟ. ಬ್ಲಾಂಡಿನ್ ಹೆಣಿಗೆ ಮಡಿಚಿಟ್ಟು, ನೂಲಿನ ಬುಟ್ಟಿಯಿಂದ ನೂಲನ್ನೆಲ್ಲ ಮೇಜಿನ ಮೇಲೆ ಸುರಿದು, ಖಾಲಿ ಬುಟ್ಟಿ ಹಿಡಿದು ಹೊರಟುಹೋದಳು.

ಅಮೆದೆ ಮನೆಗೆ ಓಡಿ, ಅಂಗಳದ ಗೋಡೆಯಲ್ಲಿ ತೂಗುಹಾಕಿದ್ದ ತನ್ನ ಬುಟ್ಟಿ ಹುಡುಕಿದ. ಅದನ್ನೂ ಯಾರೋ ಹೊತ್ತೊಯ್ದಿದ್ದರು. ಕೈಗೆ ಸಿಕ್ಕಿದ್ದು ಹೊಸಿಲ ಮೇಲಿನ ಬಣ್ಣದ ಡಬ್ಬಿ. ಅದನ್ನೇ ಹಿಡಿದು ಅಡ್ಡದಾರಿಯಲ್ಲಿ ಬಿದ್ದು ಎದ್ದು ಓಡಿ ಪಾಳುಚರ್ಚು ಸೇರಿದಾಗ, ಅವನಪ್ಪ ಕಿವಿಯಲ್ಲಿ ಉಸುರಿದ ಚೆಸ್ಟ್‌ನಟ್ ಮರಗಳ ಕೆಳಗೆ ಇಡೀ ಮೋಂಬರ್ಲಾ ಬಗ್ಗಿ ನಿಂತಿತ್ತು. ಮೇಯರ್ ಸಾಹೇಬರು ಹೆಗಲಿಗೆ ಹಾಕಿಕೊಳ್ಳುವ ಅಧಿಕಾರದ ಬಟ್ಟೆಪಟ್ಟಿಯನ್ನೇ ಜೋಳಿಗೆ ಮಾಡಿಕೊಂಡಿದ್ದರು. ಅಮೆದೆಗೆ ಅಳು ಬಂತು.

ಬ್ಲಾಂಡಿನ್ ತಲೆಯೆತ್ತಿ ಅವನನ್ನೂ ಡಬ್ಬಿಯನ್ನೂ ನೋಡಿದಳು.

"ಒಳ್ಳೇದಾಯ್ತು, ಬಣ್ಣ ತಂದೆಯಲ್ಲ," ಎಂದಳು. "ಅಲ್ಲೇ ನಿಂತ್ಕೊಂಡು ಬಲಗಡೆ ಗೀಟು ಒಂದು ಸ್ವಲ್ಪ ದೊಡ್ಡದು ಮಾಡು. ಇಂಟು ಗಿಂಟು ಹಾಕೀಯ ಮತ್ತೆ, ಕಂಡೋರೆಲ್ಲ ನುಗ್ಗಿಬಿಡ್ತಾರೆ."